ಯುಗಾದಿಗೆ ನೆಂಟರು ಬಂದರೆ: ಬೇಳೆ ಹೋಳಿಗೆಯಾ, ಕಾಯಿ ಹೋಳಿಗೆಯಾ?

ಕಣಕ ಎರಡಕ್ಕೂ ಒಂದೇ. ಮೈದಾ, ಚಿರೋಟಿ ರವೆ, ಚಿಟಿಕೆ ಅರಿಶಿನ, ಧಾರಾಳವಾಗಿ ಎಣ್ಣೆ. ವ್ಯತ್ಯಾಸ ಇರುವುದು ಹೂರಣದಲ್ಲಿ.

ಹತ್ತು ಹದಿನೈದು ಜನ ಊಟಕ್ಕೆ ಕೂರುತ್ತಾರೆ ಅಂದ್ರೆ ನನ್ನ ಆಯ್ಕೆ ಬೇಳೆಯದೇ. ಬೇಳೆ ಬಸಿದ ಕಟ್ಟಿನಿಂದ ಒಬ್ಬಟ್ಟಿನ ಸಾರು ಆಗುತ್ತದೆ, ಬೇರೆ ಸಾರಿನ ಗೋಜೇ ಇಲ್ಲ. ಅದಕ್ಕೆ ಒಂದು ಹಿಡಿ ಹೂರಣ ಕದಡಿ, ಇಂಗು ಕರಿಬೇವಿನ ಒಗ್ಗರಣೆ ಕೊಟ್ಟರೆ ಮನೆಯೆಲ್ಲ ಘಮ್ ಅನ್ನುತ್ತದೆ. ಮರುದಿನ ಆ ಸಾರು ಇನ್ನೂ ರುಚಿ, ಅಲ್ವಾ? ಹಳೇ ಮೈಸೂರಿನ ಕಡೆ ಹೆಚ್ಚಾಗಿ ತೊಗರಿಬೇಳೆ, ಉತ್ತರ ಕರ್ನಾಟಕದಲ್ಲಿ ಕಡಲೆಬೇಳೆ. ಯಾವುದೇ ಆಗಲಿ, ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಕರಗಿ ಹೋಗಬಾರದು. ಜಾಸ್ತಿ ಬೆಂದರೆ ಹೂರಣ ನೀರಾಗಿ, ತಟ್ಟುವಾಗ ಕಣಕ ಹರಿಯುತ್ತದೆ. ಆಗ ದಪ್ಪ ತಳದ ಬಾಣಲೆಯಲ್ಲಿ ಮಗುಚುತ್ತಾ ಗಟ್ಟಿ ಮಾಡಿಕೊಳ್ಳಬೇಕು.

ಕಾಯಿ ಹೋಳಿಗೆಗೆ ಬೇಯಿಸಿ ಬಸಿಯುವ ಕೆಲಸವಿಲ್ಲ. ಕಾಯಿತುರಿ, ಬೆಲ್ಲ ಸೇರಿಸಿ ಉಂಡೆ ಕಟ್ಟುವ ಹದಕ್ಕೆ ಕಾಯಿಸಿ, ಏಲಕ್ಕಿ ಹಾಕಿದರೆ ಆಯಿತು. ಬೇಳೆಯದಕ್ಕಿಂತ ಜಾಸ್ತಿ ದಿನ ಇರುತ್ತದೆ. ಹಾಗಾಗಿ ಹಬ್ಬದ ಹಿಂದಿನ ದಿನವೇ ಮಾಡಿಡಬಹುದು, ಊರಿಗೆ ಹೊರಟ ನೆಂಟರಿಗೆ ಕಟ್ಟಿ ಕೊಡಬಹುದು. ಅಡುಗೆಮನೆಯಲ್ಲಿ ನೀವೊಬ್ಬರೇ ಇದ್ದರೆ ಸುಮ್ನೆ ಒದ್ದಾಡಬೇಡಿ, ಇದನ್ನೇ ಮಾಡಿ.