20 ವರ್ಷದ ಗೃಹಸಾಲವನ್ನು ಎಂಟೂವರೆ ವರ್ಷದಲ್ಲಿ ತೀರಿಸಿದೆವು

ಹುಬ್ಬಳ್ಳಿಯ ನವನಗರದಲ್ಲಿ ನಾವು ಮನೆ ಕೊಂಡಿದ್ದು 2017ರಲ್ಲಿ. ₹25 ಲಕ್ಷ ಸಾಲ, 20 ವರ್ಷದ ಅವಧಿ, ಶೇ 8.5 ಬಡ್ಡಿ, ಅದೂ ಬದಲಾಗುವ ದರದ್ದು. ತಿಂಗಳ ಕಂತು ₹21,696. 2025ರ ನವೆಂಬರ್‌ನಲ್ಲಿ ಸಾಲ ಪೂರ್ತಿ ತೀರಿತು. ಎಂಟು ವರ್ಷ ಐದು ತಿಂಗಳು ಕಂತು ಕಟ್ಟಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಬ್ಯಾಂಕಿನ ಹೆಸರು ಬರೆಯುವುದಿಲ್ಲ. ಇಂಥ ಸಾಲವನ್ನು ಹೆಚ್ಚುಕಡಿಮೆ ಎಲ್ಲ ಬ್ಯಾಂಕುಗಳೂ ಕೊಡುತ್ತವೆ.

ನಾನು ಧಾರವಾಡದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ನಮ್ಮ ಮನೆಯವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಟೆಕ್ನಿಶಿಯನ್. ಮನೆಯಲ್ಲಿ ಅತ್ತೆ, ಮಗಳು. ಸಾಲ ಮಾಡುವಾಗ ಮಾವನವರೂ ಇದ್ದರು.

ಸಾಲ ಮಂಜೂರಾದಾಗ ಬ್ಯಾಂಕಿನವರು ಕಂತಿನ ಪಟ್ಟಿ ಕೊಡುತ್ತಾರೆ. ಅದನ್ನು ಯಾರೂ ಓದುವುದಿಲ್ಲ. ನಾನು ಓದಿದೆ, ಆ ರಾತ್ರಿ ನಿದ್ದೆ ಬರಲಿಲ್ಲ. ಮೊದಲ ತಿಂಗಳ ₹21,696ರಲ್ಲಿ ಬಡ್ಡಿಯೇ ₹17,708. ಅಸಲಿಗೆ ಹೋಗಿದ್ದು ಬರೀ ₹3,988. ಹೀಗೇ 20 ವರ್ಷ ಕಟ್ಟಿದ್ದರೆ ಬಡ್ಡಿ ಒಂದೇ 27 ಲಕ್ಷ ದಾಟುತ್ತಿತ್ತು. ಮನೆ ಒಂದು, ದುಡ್ಡು ಎರಡು ಮನೆಯದು.

ಈ ಸಾಲದ ದೊಡ್ಡ ಗುಣ ಅಂದರೆ ಮುಂಚಿತವಾಗಿ ಕಟ್ಟಿದರೆ ದಂಡವಿಲ್ಲ. ಬದಲಾಗುವ ದರದ ಗೃಹಸಾಲಕ್ಕೆ ಬ್ಯಾಂಕುಗಳು ದಂಡ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಐದು ಸಾವಿರ ಇದ್ದರೂ ಕಟ್ಟಬಹುದು, ಐದು ಲಕ್ಷ ಇದ್ದರೂ ಕಟ್ಟಬಹುದು. ಮೊದಮೊದಲು ಕಟ್ಟಿದ ದುಡ್ಡಿಗೆ ಬಲ ಜಾಸ್ತಿ. 2018ರ ದಸರಾ ಹೊತ್ತಿಗೆ ನಾವು ₹50,000 ಕಟ್ಟಿದೆವು. ಅಷ್ಟಕ್ಕೇ ಕೊನೆಯ ಸುಮಾರು 11 ಕಂತು ಬಿದ್ದುಹೋದವು. ಅಂದರೆ ಮುಂದೆ ಯಾವತ್ತೋ ಕಟ್ಟಬೇಕಾಗಿದ್ದ ಎರಡು ಲಕ್ಷಕ್ಕೂ ಜಾಸ್ತಿ ಹಣ ಉಳಿಯಿತು. ಈ ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ನನಗೆ ಒಂದು ಥರ ಹಟವೇ ಹಿಡಿಯಿತು.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಹೆಚ್ಚುವರಿ ಹಣ ಕಟ್ಟುವಾಗ "ಅವಧಿ ಕಡಿಮೆ ಮಾಡಿ, ಕಂತು ಹಾಗೇ ಇರಲಿ" ಅಂತ ಅರ್ಜಿಯಲ್ಲಿ ಬರೆದುಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ನಾವು ಮೊದಲ ಸಲ ಬಾಯಿಮಾತಿನಲ್ಲಿ ಹೇಳಿ ಬಂದೆವು. ಶಾಖೆಯಲ್ಲಿ ಅವಧಿ ಹಾಗೇ ಬಿಟ್ಟು ಕಂತು ಇಳಿಸಿಬಿಟ್ಟಿದ್ದರು. ಕಂತು ಇಳಿದರೆ ತಿಂಗಳಿಗೆ ಕೈಯಲ್ಲಿ ನಾಲ್ಕೈದು ನೂರು ಉಳಿಯುತ್ತದೆ ಅಷ್ಟೇ, ಬಡ್ಡಿಯ ಉಳಿತಾಯ ಬಹಳ ಕಡಿಮೆಯಾಗುತ್ತದೆ. ಸರಿ ಮಾಡಿಸಲು ಶಾಲೆ ಬಿಟ್ಟ ಮೇಲೆ ಚಿಗರಿ ಬಸ್ ಹಿಡಿದು ಮೂರು ಸಲ ಓಡಾಡಿದೆ.

ಈಗ ಮೂರನೇ ವರ್ಷದ ಮಾತು. ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. 2019ರಲ್ಲಿ ನಾನು ಎಲ್ಲದಕ್ಕೂ ಕತ್ತರಿ ಹಾಕಿದೆ. ಪಂಚಮಿಗೆ ಗದಗಿನ ತವರಿಗೆ ಹೋಗಲಿಲ್ಲ. ಹೋದರೆ ಸೀರೆ, ಉಂಡಿ, ಮಕ್ಕಳ ಕೈಗೆ ದುಡ್ಡು, ನಾಲ್ಕೈದು ಸಾವಿರ ಖರ್ಚು ಅಂತ. ಮಗಳ ಹಾಡಿನ ಕ್ಲಾಸು ಬಿಡಿಸಿದೆ. ಮಾವನವರಿಗೆ ಆಷಾಢದಲ್ಲಿ ಪಂಢರಪುರಕ್ಕೆ ಹೋಗುವ ಆಸೆ ಇತ್ತು. ರೈಲ್ವೆ ಪಾಸ್ ಇದ್ದರೂ ಅಲ್ಲಿ ಇರುವ, ಉಣ್ಣುವ ಖರ್ಚು, ನಮ್ಮವರ ರಜೆ ಅಂತೆಲ್ಲ ಲೆಕ್ಕ ಹಾಕಿ ಮುಂದಿನ ವರ್ಷ ನೋಡೋಣ ಅಂದೆ. "ಆತು ಬಿಡವಾ, ಮುಂದಿನ ವರ್ಷ ಹೋದ್ರಾತು" ಅಂದರು ಅವರು. ಒಂದು ಮಾತು ಜಾಸ್ತಿ ಆಡಲಿಲ್ಲ. ಆ ವರ್ಷ ಸಾಲಕ್ಕೆ ಒಂದು ಲಕ್ಷ ಹೆಚ್ಚುವರಿ ಕಟ್ಟಿದೆವು.

ಮುಂದಿನ ವರ್ಷ ಅಂದರೆ 2020. ರೈಲು ನಿಂತವು, ಪಂಢರಪುರದ ವಾರಿಗೂ ಜನ ಸೇರುವಂತಿರಲಿಲ್ಲ. 2021ರ ಮೇ ತಿಂಗಳಲ್ಲಿ ಮಾವನವರು ತೀರಿಕೊಂಡರು.

ಆ ಒಂದು ಲಕ್ಷದಿಂದ ಎಷ್ಟು ಕಂತು ಉಳಿದವು ಅಂತ ನಾನು ಇವತ್ತಿಗೂ ಲೆಕ್ಕ ಹಾಕಿಲ್ಲ.

ಆಮೇಲೆ ನಮ್ಮ ಮನೆಯ ಪದ್ಧತಿ ಬದಲಾಯಿತು. ಪ್ರತಿ ಯುಗಾದಿಗೆ ಒಂದು ನೋಟ್‌ಬುಕ್ ತೆಗೆದು, ಆ ವರ್ಷ ಮನೆಯವರಿಗಾಗಿ ಏನೇನು ಮಾಡಬೇಕು ಅನ್ನುವುದನ್ನು ಮೊದಲು ಬರೆಯುತ್ತೇವೆ. ಪಂಚಮಿಗೆ ತವರು. ಮಗಳ ಹಾಡು. ರೈಲ್ವೆ ಪಾಸಿನಲ್ಲಿ ಒಂದು ದೊಡ್ಡ ಪ್ರವಾಸ. ಅತ್ತೆಯವರು ಏನು ಕೇಳುತ್ತಾರೋ ಅದು. ಇವಕ್ಕೆ ದುಡ್ಡು ಎತ್ತಿಟ್ಟ ಮೇಲೆ ಉಳಿದದ್ದು ಸಾಲಕ್ಕೆ. ಮೊದಲು ಇದು ತಿರುಗಾಮುರುಗಾ ಇತ್ತು. ದಸರಾ ಮುಂಚೆ ರೈಲ್ವೆಯಲ್ಲಿ 78 ದಿನಗಳ ಬೋನಸ್ ಬರುತ್ತದೆ, ₹17,951. ಅದರಲ್ಲಿ ಅರ್ಧ ಹಬ್ಬಕ್ಕೆ, ಅರ್ಧ ಸಾಲಕ್ಕೆ. ತುಟ್ಟಿಭತ್ಯೆಯ ಬಾಕಿ ಬಂದರೆ ಪೂರ್ತಿ ಸಾಲಕ್ಕೆ, ಯಾಕೆಂದರೆ ಅದು ತಿಂಗಳ ಖರ್ಚಿನ ಲೆಕ್ಕದಲ್ಲಿ ಇರುವುದೇ ಇಲ್ಲ. ನನ್ನ ಸಂಬಳದಲ್ಲಿ ಮೂರನೇ ಒಂದು ಪಾಲು, ಸಂಜೆ ಟ್ಯೂಷನ್ ದುಡ್ಡು, ಓಣಿಯ ಹೆಣ್ಣುಮಕ್ಕಳ ಭಿಶಿಯಲ್ಲಿ, ಅಂದರೆ ಚೀಟಿಯಲ್ಲಿ, ನನ್ನ ಪಾಳಿ ಬಂದಾಗ ಸಿಕ್ಕಿದ್ದು, ಕೊನೆಗೆ ಎಲ್‌ಐಸಿ ದುಡ್ಡಿನಿಂದ ಕಟ್ಟಿದ್ದು, ಎಲ್ಲ ಸೇರಿ ಒಟ್ಟು 15 ಲಕ್ಷ ಚಿಲ್ಲರೆ ಹೆಚ್ಚುವರಿ ಕಟ್ಟಿದ್ದೇವೆ. ಬಡ್ಡಿ ಅಂತ ಹೋಗಿದ್ದು 12 ಲಕ್ಷ ಚಿಲ್ಲರೆ.

ಈ ಪದ್ಧತಿಯಿಂದ ಸಾಲ ತೀರುವುದು ಒಂದೆರಡು ವರ್ಷ ತಡವಾಯಿತು ಅಂತ ನಮ್ಮವರು ಹೇಳುತ್ತಾರೆ. ಇರಬಹುದು. ಆದರೆ ಆ ವರ್ಷಗಳಲ್ಲಿ ನಮ್ಮ ಕೈಗೆ ಏನು ಬಂತು ಅಂತಲೂ ಹೇಳಬೇಕು ಅಲ್ವಾ. ಅತ್ತೆಯವರನ್ನು ಪಂಢರಪುರಕ್ಕೆ ಕರೆದುಕೊಂಡು ಹೋದೆವು. ಮಳೆಗಾಲದಲ್ಲಿ ಗೋವಾ ರೈಲಿನಲ್ಲಿ ಕ್ಯಾಸಲ್‌ರಾಕ್ ದಾಟಿ ದೂಧಸಾಗರದ ಮುಂದೆ ಹಾದುಹೋಗುವಾಗ ಮಗಳು ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ತವರಿಗೆ ಹೋದಾಗ ಎಲ್ಲರೂ ಸೇರಿ ಲಕ್ಕುಂಡಿಯ ಗುಡಿಗಳಿಗೆ ಹೋಗಿ ಬುತ್ತಿ ಬಿಚ್ಚಿ ಉಂಡೆವು, ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಎಷ್ಟೋ ಭಾನುವಾರ ಉಣಕಲ್ ಕೆರೆಯ ದಂಡೆ, ಗಿರಮಿಟ್, ಮಿರ್ಚಿ, ನಾಲ್ಕು ಜನಕ್ಕೆ ಇನ್ನೂರು ರೂಪಾಯಿ ದಾಟುತ್ತಿರಲಿಲ್ಲ. ಮಗಳು ಮತ್ತೆ ಹಾಡಿಗೆ ಸೇರಿದಳು. ನಡುವೆ ತಪ್ಪಿದ್ದನ್ನು ಸರಿ ಮಾಡಿಕೊಳ್ಳಲು ಅವಳ ಗುರುಗಳು ಬಹಳ ಕಷ್ಟಪಟ್ಟರು, ಅವರಿಗೆ ನಾನು ಋಣಿ.

ಇನ್ನೊಂದು ಮಾತು, ಕೈಯಲ್ಲಿ ಆರು ತಿಂಗಳ ಕಂತಿನಷ್ಟು ದುಡ್ಡು ಇಲ್ಲದೆ ಹೆಚ್ಚುವರಿ ಕಟ್ಟಬೇಡಿ. ಸಾಲಕ್ಕೆ ಹೋದ ಹಣ ವಾಪಸ್ ಬರುವುದಿಲ್ಲ. 2020ರಲ್ಲಿ ನಮ್ಮ ಶಾಲೆಯಲ್ಲಿ ತಿಂಗಳುಗಟ್ಟಲೆ ಅರ್ಧ ಸಂಬಳ ಕೊಟ್ಟರು. ಆ ಕಡೆ ಕೇಂದ್ರದ ನೌಕರರ ತುಟ್ಟಿಭತ್ಯೆ ಏರಿಕೆಯನ್ನೂ ಒಂದೂವರೆ ವರ್ಷ ತಡೆಹಿಡಿದರು. ಆಗ ಕಂತು ಮುಂದೂಡುವ ಅವಕಾಶವನ್ನು ಆರು ತಿಂಗಳ ಮಟ್ಟಿಗೆ ಕೊಟ್ಟಿದ್ದರು, ಆದರೆ ಅಷ್ಟೂ ತಿಂಗಳ ಬಡ್ಡಿ ಸಾಲಕ್ಕೆ ಸೇರುತ್ತಿತ್ತು. ಪೋಸ್ಟ್ ಆಫೀಸಿನ ಆರ್‌ಡಿ ಇದ್ದದ್ದರಿಂದ ನಾವು ಮುಂದೂಡಲಿಲ್ಲ. ಆ ವರ್ಷ ಹೆಚ್ಚುವರಿ ಏನೂ ಕಟ್ಟಲೂ ಇಲ್ಲ.

ಅದೇ ವರ್ಷ ಒಂದು ಒಳ್ಳೆ ಕೆಲಸ ಮಾಡಿದೆವು. ನಮ್ಮದು ಹಳೆಯ ಲೆಕ್ಕದ ಬಡ್ಡಿದರದ ಸಾಲ. 2019ರ ಅಕ್ಟೋಬರ್‌ನಿಂದ ಹೊಸ ಗೃಹಸಾಲಗಳ ಬಡ್ಡಿಯನ್ನು ಬ್ಯಾಂಕುಗಳು ರೆಪೊ ದರದಂಥ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ಜೋಡಿಸಬೇಕಾಯಿತು. ಒಂದು ಅರ್ಜಿ, ಸಣ್ಣ ಶುಲ್ಕ ಕೊಟ್ಟು ನಾವೂ ಅದಕ್ಕೆ ಬದಲಾದೆವು. ಬಡ್ಡಿ ಶೇ 6.9ಕ್ಕೆ ಇಳಿಯಿತು, ಕಂತು ಮಾತ್ರ ಹಳೆಯದೇ ಇಟ್ಟುಕೊಂಡೆವು. ಇಳಿದಷ್ಟೂ ಅಸಲಿಗೆ ಹೋಯಿತು.

ಇಳಿದದ್ದು ಏರುತ್ತದೆ ಅಂತಲೂ ಗೊತ್ತಿರಬೇಕು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿ ಒಳಗೆ ರೆಪೊ ದರ ಶೇ 4ರಿಂದ 6.5ಕ್ಕೆ ಹೋಯಿತು. ನಮ್ಮ ಬಡ್ಡಿ 9.4 ಆಯಿತು. ಕಂತು ಬದಲಾಗಿರಲಿಲ್ಲ, ಹಾಗಾಗಿ ನನಗೆ ಗೊತ್ತೇ ಆಗಲಿಲ್ಲ. ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ ಸಾಲದ ಅವಧಿ ಸುಮಾರು ಒಂದು ವರ್ಷ ಉದ್ದವಾಗಿತ್ತು. ಎರಡು ದಸರಾ ಕಷ್ಟಪಟ್ಟು ಕಡಿಮೆ ಮಾಡಿದ್ದು ಸುಮ್ನೆ ವಾಪಸ್ ಬಂದು ಕೂತಿತ್ತು. ನಮಗೆ ಒಂದು ಎಸ್‌ಎಂಎಸ್ ಕೂಡ ಬಂದಿರಲಿಲ್ಲ. ಇದು ನನಗೆ ಬಹಳ ನೋವು ಮಾಡಿತು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಈ ಬಗ್ಗೆ ನಿಯಮ ಮಾಡಿತು. ಈಗ ದರ ಏರಿದಾಗ ಕಂತಿಗೆ, ಅವಧಿಗೆ ಏನಾಗುತ್ತದೆ ಅಂತ ಗ್ರಾಹಕರಿಗೆ ತಿಳಿಸಬೇಕು. ಕಂತು ಏರಿಸಬೇಕೋ, ಅವಧಿ ಹೆಚ್ಚಿಸಬೇಕೋ ಅಂತ ಕೇಳಬೇಕು. ಹಾಗಿದ್ದರೂ ಆರು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್‌ನಲ್ಲಿ ಉಳಿದ ಕಂತು ಎಷ್ಟು ಅಂತ ನೀವೇ ನೋಡಿ.

ತೆರಿಗೆ ವಿನಾಯಿತಿ ಹೋಗುತ್ತದೆ, ಸಾಲ ತೀರಿಸಬೇಡಿ ಅಂತ ಸ್ಟಾಫ್ ರೂಮಿನಲ್ಲಿ ಬಹಳ ಜನ ಹೇಳಿದರು. ನಾವಿರುವ ಮನೆಯ ಬಡ್ಡಿಗೆ ಹಳೆ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ ಎರಡು ಲಕ್ಷದವರೆಗೆ ವಿನಾಯಿತಿ ಇದೆ, ನಿಜ. ಹೊಸ ಪದ್ಧತಿಯಲ್ಲಿ ಅದು ಇಲ್ಲ. ನಾವು ಹೊಸದಕ್ಕೆ ಹೋದ ಮೇಲೆ ಆ ಮಾತು ನಮಗೆ ಅನ್ವಯವಾಗಲಿಲ್ಲ.

ಕೊನೆಗೆ ಉಳಿದಿದ್ದ ₹2.87 ಲಕ್ಷವನ್ನು ಎಲ್‌ಐಸಿ ಪಾಲಿಸಿ ಮುಗಿದಾಗ ಬಂದ ದುಡ್ಡಿನಲ್ಲಿ ಒಂದೇ ಸಲ ಕಟ್ಟಿದೆವು. ಆಮೇಲೆ ಮನೆಯ ಮೂಲ ಕಾಗದಪತ್ರ ಬರುವುದು ತಡವಾಯಿತು. ಸಾಲ ತೀರಿದ 30 ದಿನದೊಳಗೆ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕು ಅಂತ ನಿಯಮವಿದೆ, 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. 27ನೇ ದಿನ ನಾನು ಅದನ್ನು ಬರೆದು ಪತ್ರ ಕೊಟ್ಟೆ. 29ನೇ ದಿನ ಕಾಗದಪತ್ರ ಬಂತು. ಖರೀದಿ ಪತ್ರದ ಪ್ರತಿ ಪುಟ ಎಣಿಸಿ ಸಹಿ ಹಾಕಿದೆ.

ಸಾಲಕ್ಕೆ ಐದಕ್ಕೆ ನಾಲ್ಕು ಕೊಡುತ್ತೇನೆ, ಶಾಖೆಯ ಸೇವೆಗೆ ಎರಡೂವರೆ. ಬಾಕಿ ಇಲ್ಲ ಅನ್ನುವ ಪತ್ರ ತೆಗೆದುಕೊಂಡರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಉಪನೋಂದಣಿ ಕಚೇರಿಯಲ್ಲಿ ಬ್ಯಾಂಕಿನ ಅಡಮಾನ ತೆಗೆಸಿ, ಹೊಸ ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ, ತೆಗೆದು ನೋಡಿ. ನಮ್ಮದರಲ್ಲಿ ಈಗ ಬ್ಯಾಂಕಿನ ಹಕ್ಕು ಬಿಟ್ಟುಕೊಟ್ಟ ದಾಖಲೆ ಬಂದಿದೆ. ಅತ್ತೆಯವರು ಅದನ್ನು ಮಾವನವರ ಫೋಟೊ ಹಿಂದಿನ ಟ್ರಂಕಿನಲ್ಲಿ ಇಟ್ಟಿದ್ದಾರೆ.