ಕಾಡಿನ ರಿಗ್‌ಗೆ ಯಾವ ಹೆಲಿಕಾಪ್ಟರ್, 212ಓ, ಎಂಐ-17ಓ, ಚಿನೂಕ್ಕೋ? ಹುಕ್ ಕೆಳಗೆ ನಿಂತವನ ಲೆಕ್ಕ

ಪಪುವಾ ನ್ಯೂಗಿನಿ ಹೈಲ್ಯಾಂಡ್ಸಲ್ಲಿ ಹೆಲಿಕಾಪ್ಟರ್ ಹೊಟ್ಟೆ ಕೆಳಗಿನ ಹುಕ್ಕಿಗೆ ಲೋಡ್ ಕಟ್ಟೋ ಗ್ಯಾಂಗಲ್ಲಿದ್ದೆ. ಪೈಲಟ್ ಅಲ್ಲ, ಹುಕ್ ಕೆಳಗೆ ನಿಲ್ಲೋನು, ಕಾಕ್‌ಪಿಟ್ ವಿಷ್ಯ ನನ್ನ ಕೇಳ್ಬೇಡಿ. 1986ರಲ್ಲಿ ಕುಟುಬು ಕಡೆ ಎಣ್ಣೆ ಸಿಕ್ಕಿದ್ ಸೀಮೆ ಅದು, ಸುಣ್ಣಕಲ್ಲಿನ ಚೂಪು ಬೆಟ್ಟ, ನಮ್ ಪ್ಯಾಡಿಗಂತೂ (ಹೆಲಿಕಾಪ್ಟರ್ ಇಳಿಯೋ ಜಾಗ) ರೋಡೇ ಇರ್ಲಿಲ್ಲ, ಎಣ್ಣೆ ಬಾವಿ ಕೊರೆಯೋ ಇಡೀ ರಿಗ್ಗನ್ನ ಬಿಚ್ಚಿ ತುಂಡು ತುಂಡಾಗಿ ಗಾಳೀಲೇ ತರ್ಬೇಕು. ತೀರ್ಥಹಳ್ಳಿ ಕಡೆಯವನು, ಮಳೆ ಕಾಡು ನಂಗೇನ್ ಹೊಸದಾ ಅನ್ನೋ ಜಂಬ ಮೊದಲನೇ ವಾರಕ್ಕೇ ಇಳೀತು.

ಬೆಲ್ 212 ಮೊದಲು. ಕಾಗದದ ಮೇಲೆ ಹುಕ್ ಲಿಮಿಟ್ 2,268 ಕೆಜಿ, ಆದ್ರೆ 2,000 ಮೀಟರ್ ಎತ್ತರದ ಪ್ಯಾಡಿಗೆ ನಾವು ಅದರರ್ಧ ಕಟ್ಟಿದ್ರೆ ಹೆಚ್ಚು, ಬಿಸಿಲೇರಿದಂಗೆ ಇನ್ನೂ ಕಮ್ಮಿ. ಐದಿಂಚಿನ ಡ್ರಿಲ್ ಪೈಪ್ ಒಂದೊಂದೂ ಸುಮಾರು 300 ಕೆಜಿ, ಅಂದ್ರೆ ಟ್ರಿಪ್ಪಿಗೆ ಮೂರು ಅಷ್ಟೇ. ಆದ್ರೂ ನಂಗೆ ಇದೇ ಇಷ್ಟ. ಪೈಲಟ್ ಎಡಗಡೆ ಸೀಟಲ್ಲಿ ಕೂತು, ಉಬ್ಬಿದ ಕಿಟಕೀಲಿ ತಲೆ ತೂರಿಸಿ ನೇರ ಕೆಳಗೆ ನೋಡ್ಕೊಂಡು, ಮರಗಳ ಸಂದೀಲಿ ಲಾಂಗ್‌ಲೈನ್ (ಹುಕ್ಕಿಂದ ಇಳಿಬಿಟ್ಟ ಉದ್ದ ಹಗ್ಗ) ಇಳಿಸಿ ಲೋಡನ್ನ ತೊಟ್ಟಿಲಿಗೆ ಮಗು ಹಾಕ್ದಂಗೆ ಇಡ್ತಾನೆ. ಸೀಸ್ಮಿಕ್ ಲೈನಿಗೆ (ನೆಲದೊಳಗೆ ಎಣ್ಣೆ ಹುಡುಕೋ ಸರ್ವೆ ದಾರಿ) ನಾಲ್ಕು ಮರ ಕಡಿದ್ರೆ ಸಾಕು.

ಎಂಐ-17 ಅಂದ್ರೆ ನಮ್ಮೂರಿನ ಲಾರಿ. ಹಿಂದೆ ಎರಡು ಬಾಗಿಲು ತೆಗೆದು ಜನರೇಟರು, ಅಕ್ಕಿ ಮೂಟೆ, ಡೀಸೆಲ್ ಡ್ರಮ್ಮು ಒಳಗೇ ಉರುಳಿಸ್ಬಹುದು, ಹುಕ್ಕಿಗೆ ನೇತುಹಾಕೋ ಸ್ಲಿಂಗ್ ಗೋಳಿಲ್ಲ. ಆದ್ರೆ ರೋಟರ್ರೇ 21 ಮೀಟರ್ ಅಗಲ (212ಕ್ಕೆ 14.6), ಅಷ್ಟು ಜಾಗಕ್ಕೆ ಮರ ಕಡಿದು ಮರದ ದಿಮ್ಮಿ ಹಾಸಿ ಪ್ಯಾಡ್ ಕಟ್ಟೋ ಹೊತ್ತಿಗೆ ಸೊಂಟ ಬಿತ್ತು. ಹುಕ್ಕಲ್ಲಿ ಲೋಡ್ ತಂದಾಗ ಪೈಲಟ್ಟಿಗೆ ಕೆಳಗಿಂದು ಸರಿಯಾಗಿ ಕಾಣಲ್ಲ, ಫ್ಲೈಟ್ ಇಂಜಿನಿಯರ್ ಬಾಗಿಲಲ್ಲಿ ಬಗ್ಗಿ ಇನ್ನೊಂಚೂರು ಎಡಕ್ಕೆ, ಇನ್ನೊಂಚೂರು ಕೆಳಕ್ಕೆ ಅಂತ ಹೇಳ್ತಿರ್ಬೇಕು, ಅಷ್ಟರಲ್ಲಿ ಲೋಡ್ ಗಡಿಯಾರದ ಲೋಲಕದಂಗೆ ತೂಗ್ತಿರುತ್ತೆ, ನಾವು ಲೋಡಿಗೆ ಕಟ್ಟಿದ ಹಗ್ಗ, ಟ್ಯಾಗ್‌ಲೈನ್, ಹಿಡ್ಕೊಂಡು ಅದರ ಹಿಂದೆ ಕೆಸರಲ್ಲಿ ಓಡ್ತಿರ್ತೀವಿ.

ಚಿನೂಕ್ 234 ಬಗ್ಗೆ ಹೇಳೋದೇನಿದೆ, ಹತ್ತು ಟನ್ ಎತ್ತುತ್ತೆ. ಅದರ ರೋಟರ್ ಗಾಳಿ ಮಾತ್ರ ಯಮ. ಒಂದಿನ ನಮ್ ಮೆಸ್ ಟೆಂಟನ್ನ ಅನ್ನದ ಪಾತ್ರೆ ಸಮೇತ ಕಣಿವೆಗೆ ತಳ್ತು, ಸಂಜೆವರೆಗೂ ಬಿಸ್ಕತ್ತೇ ಗತಿ. ಸ್ಟ್ಯಾಟಿಕ್ ಕರೆಂಟೂ ಜೋರು, ಗ್ರೌಂಡಿಂಗ್ ರಾಡ್ ಮುಟ್ಟಿಸದೆ ಹುಕ್ಕಿಗೆ ಕೈ ಹಾಕಿದ್ರೆ ಭುಜದವರೆಗೂ ಝುಂ ಅನ್ನುತ್ತೆ (ಗೊತ್ತಿದ್ದೂ ಒಂದ್ಸಲ ಹಾಕ್ದೆ).

ಎಲ್ರೂ ಯಾವುದು ಜಾಸ್ತಿ ಎತ್ತುತ್ತೆ ಅಂತ ಕೇಳ್ತಾರೆ, ಅಸಲಿಗೆ ಕೇಳ್ಬೇಕಾದ್ದು ಬೆಳಗ್ಗೆ ಎಷ್ಟೊತ್ತು ಬೆಟ್ಟ ಕಾಣುತ್ತೆ ಅಂತ. ನಮ್ಮಲ್ಲಿ ಹತ್ತು ಹನ್ನೊಂದಕ್ಕೆಲ್ಲ ಮೋಡ ಬಂದು ಮುಚ್ಕೊಳ್ಳೋದು, ಆಮೇಲೆ ಯಾವ ಮೆಷಿನ್ ಇದ್ರೂ ಟೀ ಕುಡೀತಾ ಕೂರೋದೇ. ಆ ನಾಲ್ಕೈದು ಗಂಟೇಲಿ 212 ಇಪ್ಪತ್ತು ಸಲ ಓಡಾಡಿ ತರೋ ಪೈಪನ್ನ ಚಿನೂಕ್ ಎರಡೇ ಟ್ರಿಪ್ಪಲ್ಲಿ ತಂದ್ಹಾಕುತ್ತೆ, ಗಂಟೆ ಬಾಡಿಗೆ ಕೇಳಿ ಎದೆ ಹಿಡ್ಕೊಂಡ ಮ್ಯಾನೇಜರ್ ಕೂಡ ರಿಗ್ ಸುಮ್ನೆ ನಿಂತ ದಿನದ ಖರ್ಚು ನೋಡಿ ಬಾಯಿ ಮುಚ್ಕೊಂಡ. ಆದ್ರೆ ರಿಗ್ ಜೋಡಿಸಿ ಆದ್ಮೇಲೆ ಚಿನೂಕನ್ನ ಇಟ್ಕೊಂಡ್ರೆ ಆನೆ ಸಾಕ್ದಂಗೆ.

ನಾನಾಗಿದ್ರೆ ಎರಡು 212 ಖಾಯಂ, ಪ್ಯಾಡ್ ದೊಡ್ಡದಿದ್ರೆ ರೇಷನ್ನಿಗೆ ಎಂಐ, ರಿಗ್ ತರೋಕೆ ಒಯ್ಯೋಕೆ ಮಾತ್ರ ಚಿನೂಕ್. ಅದು ಬರೋ ಹಿಂದಿನ ರಾತ್ರೀನೇ ಮೆಸ್ ಟೆಂಟ್ ಬಿಚ್ಚಿಡಿ.