ಕಡತದ ಹೆಸರೋ, ಆಜ್ಞೆಯ ಪದವೋ: ‘--’ ಮತ್ತು ‘./’ನಲ್ಲಿ ಯಾವುದು?

ಲಿನಕ್ಸ್ ಟರ್ಮಿನಲ್‌ನಲ್ಲಿ ‘-ಎಫ್’ ಎಂಬ ಕಡತವನ್ನು, ಕಡತ ಅಳಿಸುವ ಆರ್‌ಎಂ ಆಜ್ಞೆಗೆ ಕೊಟ್ಟರೆ ಅದು ಆ ಹೆಸರನ್ನು ಆಯ್ಕೆ (ಆಜ್ಞೆಯ ನಡತೆ ಬದಲಿಸುವ ಪದ) ಎಂದೇ ಓದಿಕೊಳ್ಳುತ್ತದೆ. ಉದ್ಧರಣ ಚಿಹ್ನೆ ಹಾಕಿ ಪ್ರಯೋಜನವಿಲ್ಲ. ಟೈಪ್ ಮಾಡಿದ್ದನ್ನು ಓದಿ ಆಜ್ಞೆ ನಡೆಸುವ ಶೆಲ್, ಆ ಚಿಹ್ನೆಯನ್ನು ಕಿತ್ತೇ ಹೆಸರನ್ನು ಮುಂದೆ ಕಳಿಸುತ್ತದೆ. ದಾರಿ ಎರಡು: ಹೆಸರುಗಳಿಗೆ ಮೊದಲು ‘ಆಯ್ಕೆಗಳು ಮುಗಿದವು’ ಎನ್ನುವ ‘--’ ಹಾಕುವುದು, ಇಲ್ಲವೇ ‘ಈಗಿನ ಫೋಲ್ಡರಿನಲ್ಲಿ’ ಎನ್ನುವ ‘./’ ಅನ್ನು ಹೆಸರಿನ ಶುರುವಿಗೆ ಅಂಟಿಸುವುದು.

ಟೈಪ್ ಮಾಡಲು ಎರಡೂ ಸುಲಭ. ‘--’ ಒಮ್ಮೆ ಹಾಕಿದರೆ ನಂತರದ ಎಲ್ಲ ಹೆಸರುಗಳಿಗೂ ಸಾಕು. ಹೆಸರುಗಳು ವೇರಿಯಬಲ್‌ನಿಂದ ಬಂದು, ಕೆಲವು ‘/’ನಿಂದ (ಪೂರ್ತಿ ದಾರಿಯಾಗಿ) ಶುರುವಾಗುವಂತಿದ್ದರೆ ಇದೇ ಸರಿ; ಅವುಗಳ ಶುರುವಿಗೆ ‘./’ ಅಂಟಿಸಿದರೆ ದಾರಿಯೇ ಕೆಡುತ್ತದೆ.

ವಿಶ್ವಾಸಾರ್ಹತೆಯಲ್ಲಿ ‘./’ ಮುಂದು. ‘--’ ಅರ್ಥವಾಗುವುದು ಆಯಾ ಪ್ರೋಗ್ರಾಂ ಒಪ್ಪಿದರೆ ಮಾತ್ರ. ಕೊಟ್ಟದ್ದನ್ನು ಮುದ್ರಿಸುವ ಎಕೋ ಆಜ್ಞೆ ಆ ‘--’ ಅನ್ನೇ ಮುದ್ರಿಸಿಬಿಡುತ್ತದೆ. ಕಡತದ ಒಳಗಿರುವುದನ್ನು ತೋರಿಸುವ ಕ್ಯಾಟ್‌ಗೆ ಬರೀ ‘-’ ಕೊಟ್ಟರೆ, ಅದಕ್ಕೆ ಮೊದಲು ‘--’ ಇದ್ದರೂ ಕೀಬೋರ್ಡಿಗಾಗಿ ಕಾಯುತ್ತ ಕೂರುತ್ತದೆ. ಪಠ್ಯ ಸಂಸ್ಕರಿಸುವ ಆಕ್ ‘ಎ=1’ ಎಂಬ ಕಡತವನ್ನು ವೇರಿಯಬಲ್ ಎನ್ನುತ್ತದೆ, ಬೇರೆ ಕಂಪ್ಯೂಟರಿಗೆ ಕಡತ ನಕಲಿಸುವ ಎಸ್‌ಸಿಪಿ ‘ಎ:ಬಿ’ಯಲ್ಲಿ ಸರ್ವರ್ ಹುಡುಕುತ್ತದೆ. ಇಲ್ಲೆಲ್ಲ ‘./’ ಒಂದೇ ಗತಿ. ಸ್ಕ್ರಿಪ್ಟಿನಲ್ಲಿ ಎಲ್ಲ ಕಡತಗಳಿಗಾಗಿ ಬರೀ ‘*’ ಬದಲು ‘./*’ ಬರೆಯುವುದು ಒಳ್ಳೆಯ ಚಾಳಿ.

ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನ ಕಥೆ ಬೇರೆ. ‘ಟೆಸ್ಟ್’ ಹೆಸರಿನ ಬ್ರಾಂಚೂ (ಕೆಲಸದ ಪ್ರತ್ಯೇಕ ಕವಲು) ಕಡತವೂ ಇದ್ದರೆ, ಇತಿಹಾಸ ತೋರಿಸುವ ‘ಗಿಟ್ ಲಾಗ್ ಟೆಸ್ಟ್’ ದೋಷ ತೋರಿಸಿ ನಿಲ್ಲುತ್ತದೆ. ‘--’ ಹೆಸರಿಗೆ ಮೊದಲು ಬಂದರೆ ಕಡತ, ನಂತರ ಬಂದರೆ ಬ್ರಾಂಚ್. ಬ್ರಾಂಚ್ ಬದಲಿಸಲೂ ಕಡತ ಹಿಂದಿನಂತಾಗಿಸಲೂ ಬಳಸುವ ಚೆಕ್‌ಔಟ್ ಮಾತ್ರ ಕೇಳದೆಯೇ ಬ್ರಾಂಚ್ ಬದಲಿಸುತ್ತದೆ. ‘ಚೆಕ್‌ಔಟ್ -- ಟೆಸ್ಟ್’ ಎಂದರೆ ಆ ಕಡತದಲ್ಲಿ ಸ್ಟೇಜ್ ಮಾಡದ (ಮುಂದಿನ ದಾಖಲೆಗೆ ಇನ್ನೂ ಸೇರಿಸದ) ಬದಲಾವಣೆಗಳು ಹೋದಂತೆ, ಗಿಟ್ ಅವನ್ನು ಮರಳಿಸದು. 2019ರ 2.23 ಆವೃತ್ತಿಯಿಂದ ಸ್ವಿಚ್ ಬ್ರಾಂಚಿಗೆ, ರಿಸ್ಟೋರ್ ಕಡತಕ್ಕೆ ಇವೆ. ಹಳೆಯ ಗಿಟ್ ಇರುವ ಸರ್ವರ್‌ಗಳಲ್ಲಷ್ಟೇ ಚೆಕ್‌ಔಟ್ ಜೊತೆಗಿನ ‘--’ ನೆಚ್ಚಿಕೊಳ್ಳಿ.